"ಅವನ ಕರ್ಮ" ಅನ್ನೋರಿಗೆ ಒಂದು ಜಪಾನಿ ಗೇಮಿನ ಉತ್ತರ



ಮೊನ್ನೆ ಶಹಾಪುರದಲ್ಲಿ ಸಭೆ ಮುಗಿಸಿ ಚಾ ಕುಡಿಯುವಾಗ ಒಬ್ಬ ಹಿರಿಯ ಸಂಗಾತಿ ಎಲ್ಲರ ಎದುರು ನನ್ನನ್ನ ತರಾಟೆಗೆ ತಗೊಂಡರು. "ಏನಪಾ, ಹೋರಾಟ ಬಿಟ್ಟು ವಿಡಿಯೊ ಗೇಮ್ ಆಡ್ಲಾಕತ್ತೀಯಂತ? ಅದು ಉಳ್ಳವರ ಮಕ್ಕಳ ಚಟ. ನಮ್ಮ ಹುಡುಗರನ್ನ ಹಾಳ ಮಾಡಬ್ಯಾಡ." ಹಿರಿಯರು, ಅಲ್ಲಿ ಎದುರಾಡಲಿಲ್ಲ. ಉತ್ತರ ಇಲ್ಲಿ ಬರಿತೀನಿ. ಉದ್ದ ಅದ. ಪೂರ್ತಿ ಓದಿ ಆಮೇಲೆ ಬೈರಿ.

ಗೇಮಿನ ಹೆಸರು 'ಡಿಜಿಟಲ್ ಡೆವಿಲ್ ಸಾಗಾ 2'. ಜಪಾನಿನ ಅಟ್ಲಸ್ ಕಂಪನಿ 2005ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಮಾಡಿದ್ದು. ಮೊದಲ ಭಾಗ 2004ರದ್ದು. ಅದೇ ಕಂಪನಿಯ 'ಪರ್ಸೋನಾ' ಹೆಸರು ಗೇಮ್ ಆಡೋ ಹುಡುಗರಿಗೆಲ್ಲ ಗೊತ್ತು, ಇದರ ಹೆಸರು ಎತ್ತುವವರು ಕಡಿಮೆ. ನಮ್ಮ ಅಣ್ಣನ ಮಗ ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ಮಷಿನ್ ಒಂದು ತಂದಿದ್ದ. ಒಂದಿನ ರಾತ್ರಿ ನನ್ನನ್ನ ಕೂಗಿದ: "ಕಾಕಾ, ಇಲ್ಲಿ ಬರ್ರಿ. ಇವ್ರು ಕರ್ಮಕ್ಕ ಒಂದು ಗುಡಿ ಕಟ್ಯಾರ." ಹೋಗಿ ಕುಂತವನು ಬೆಳಗಿನ ತನಕ ಏಳಲಿಲ್ಲ.

ಮೊದಲ ಭಾಗದ ಕಥೆ ಇಷ್ಟು. 'ಜಂಕ್‌ಯಾರ್ಡ್' ಅಂತ ಒಂದು ಜಾಗ, ಅಂದರೆ ಗುಜರಿ ಅಂಗಳ. ಅಲ್ಲಿ ಮಳೆ ನಿಲ್ಲಲ್ಲ, ಜಗಳವೂ ನಿಲ್ಲಲ್ಲ. ಆರು ಪಂಗಡದವರು ಒಬ್ಬರನ್ನೊಬ್ಬರು ಕೊಲ್ಲುತ್ತಿರುತ್ತಾರೆ. ಇವರೆಲ್ಲರ ಮೇಲೆ 'ಕರ್ಮ ಟೆಂಪಲ್' ಅನ್ನೋ ಗುಡಿಯ ಕಟ್ಟಳೆ. ಸೋತವರು ಗೆದ್ದವರಿಗೆ ಅಡಿಯಾಳಾಗಬೇಕು. ಎಲ್ಲರನ್ನೂ ಗೆದ್ದವರಿಗೆ ಮಾತ್ರ ಮೇಲೆ ನಿರ್ವಾಣಕ್ಕೆ ಹೋಗುವ ಅವಕಾಶ. ಇದರ ನಡುವೆ ಎಲ್ಲರ ಮೈಯೊಳಗೆ ರಾಕ್ಷಸರು ಹೊಕ್ಕು, ಇನ್ನೊಬ್ಬರನ್ನು ತಿನ್ನದಿದ್ದರೆ ಬುದ್ಧಿ ಕೆಡುವಂಥ ಹಸಿವು ಶುರುವಾಗುತ್ತದೆ. ಆರ್ಜಿಲ್ಲಾ ಅನ್ನೋ ಹೆಣ್ಣುಮಗಳು ಮೊದಮೊದಲು ತಿನ್ನಲ್ಲ ಅಂತ ಹಠ ಹಿಡಿಯುತ್ತಾಳೆ. ಆದರೂ ಕಟ್ಟಳೆ ಬರೆದವರು ಯಾರು ಅಂತ ಅಲ್ಲಿ ಬೇಗ ಯಾರೂ ಕೇಳಲ್ಲ.

ಎರಡನೇ ಭಾಗದಲ್ಲಿ ಅವರು ನಿರ್ವಾಣ ತಲುಪುತ್ತಾರೆ. ಅಲ್ಲಿ ಏನದ? ಹಾಳುಬಿದ್ದ ಭೂಮಿ. ಸೂರ್ಯ ಕಪ್ಪಾಗಿದ್ದಾನೆ, ಅವನ ಬೆಳಕು ಬಿದ್ದವರು ಕಲ್ಲಾಗುತ್ತಾರೆ. 'ಕರ್ಮ ಸೊಸೈಟಿ' ಅನ್ನೋ ಆಳುವ ಗುಂಪು ಮಾತ್ರ ಭದ್ರವಾಗಿದೆ. ಹೊರಗೆ ಉಳಿದ ಬಡವರನ್ನು ಹಿಡಿದು ತನ್ನ ರಾಕ್ಷಸ ಸೈನಿಕರಿಗೆ ಆಹಾರ ಮಾಡುತ್ತದೆ. ಇನ್ನೂ ಒಂದು ಸತ್ಯ ಹೊರಬೀಳುತ್ತದೆ. ಜಂಕ್‌ಯಾರ್ಡ್ ಅನ್ನುವುದೇ ಮೇಲಿನವರು ತಮ್ಮ ಕೆಲಸಕ್ಕೆ ಕಂಪ್ಯೂಟರಿನೊಳಗೆ ಕಟ್ಟಿದ ಕಾಳಗದ ಕಣ. ದೇವರ ಕಟ್ಟಳೆ ಅಂತ ನಂಬಿದ್ದು ಮನುಷ್ಯರು ಬರೆದ ಪ್ರೋಗ್ರಾಂ!

ಇಲ್ಲಿಗೆ ಬಂದಾಗ ಅಣ್ಣನ ಮಗ ಗೇಮ್ ನಿಲ್ಲಿಸಿ ಸುಮ್ಮನೆ ಕುಂತ. ನಾನೂ ಮಾತಾಡಲಿಲ್ಲ. ಯಾಕೆ ಅಂತ ಹೇಳ್ತೀನಿ.

ಯಾದಗಿರಿ, ಶಹಾಪುರ, ಸುರಪುರದ ಕೇರಿಗಳು ಬ್ಯಾಸಗಿಗೆ ಅರ್ಧ ಖಾಲಿ. ಬೆಂಗಳೂರು, ಪುಣೆ, ಮುಂಬೈಗೆ ಗುಳೆ. ನಮ್ಮ ಅಣ್ಣನೂ ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ ನಿಂತುಕೊಂಡೇ ಹೋದ. "ಒಮ್ಮೆ ಬೆಂಗ್ಳೂರ್ ಮುಟ್ಟಿದ್ರ ಸಾಕು, ಸಾಲ ತೀರ್ತದ" ಅಂತಿದ್ದ. ನೀಲಿ ತಾಡಪತ್ರಿಯ ಜೋಪಡಿಯಲ್ಲಿದ್ದು ಸೆಂಟ್ರಿಂಗ್ ಕೆಲಸ ಮಾಡಿದ. ನಾಲ್ಕನೇ ಮಹಡಿಯಿಂದ ಬಿದ್ದ. ಬೆಲ್ಟ್ ಇಲ್ಲ, ಬಲೆ ಇಲ್ಲ. ಹೆಣ ಊರಿಗೆ ತಂದ ಮೇಸ್ತ್ರಿ ನಮ್ಮವ್ವನ ಮುಂದೆ ನಿಂತು ಅಂದ ಮಾತು: "ಅವನ ಕರ್ಮ ಬೇ ಯವ್ವಾ, ಯಾರೇನ್ ಮಾಡೋದು." ಕೊಟ್ಟದ್ದು ಆಂಬುಲೆನ್ಸ್ ಬಾಡಿಗೆ. ಆಗ ಹುಡುಗನಿಗೆ ಒಂಬತ್ತು ವರ್ಷ.

ಕೆಲಸದ ಜಾಗದಲ್ಲಿ ಕೂಲಿಕಾರ ಸತ್ತರೆ ಮಾಲೀಕ ಪರಿಹಾರ ಕೊಡಬೇಕು ಅಂತ ಈ ದೇಶದಲ್ಲಿ 1923ರಲ್ಲೇ ಕಾಯ್ದೆ ಬಂತು. ಬ್ರಿಟಿಷರ ಕಾಲದ ಆ ಕಾಯ್ದೆಯನ್ನು ಒಂದು ಶಬ್ದ ನುಂಗಿಹಾಕಿತು. ಹಿಂದಿನ ಜನ್ಮದ ಕರ್ಮದ ಸಿದ್ಧಾಂತ ಬಡವರ ಸ್ಥಿತಿಗೆ ಸರಕಾರ, ಸಮಾಜ ಹೊಣೆಯಲ್ಲ ಅಂತ ಜಾರಿಕೊಳ್ಳಲು ಬಿಟ್ಟರೆ ಮತ್ತೆ ಯಾವುದಕ್ಕೂ ಉಪಯೋಗವಿಲ್ಲ ಅನ್ನೋ ಅರ್ಥದಲ್ಲಿ ಬಾಬಾಸಾಹೇಬರು ಬರೆದಿದ್ದಾರೆ. 1957ರಲ್ಲಿ, ಅವರು ತೀರಿಕೊಂಡ ಮೇಲೆ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಅದು ಇದೆ. ನಾನು ಹತ್ತು ಭಾಷಣದಲ್ಲಿ ಅದನ್ನ ಹೇಳಿದ್ದೆ. ಹುಡುಗ ಪ್ರತಿ ಸಲ ಆಕಳಿಸುತ್ತಿದ್ದ. ಈ ಗೇಮ್ ಆಡಿದ ಮರುದಿನ ತಾನಾಗೇ ಕೇಳಿದ: "ಕಾಕಾ, ಆ ಪುಸ್ತಕ ಎಲ್ಲದ?"

ಈಗ ಇನ್ನೊಂದು ಗುಂಪಿನವರಿಗೆ. ಒಬ್ಬ ಗೆಳೆಯ ಇದರ ಫೋಟೊ ನೋಡಿ "ನಮ್ಮ ದೇವರಿಗೆ ಅವಮಾನ, ಬ್ಯಾನ್ ಮಾಡಬೇಕು" ಅಂದ. ಹೌದಪಾ, ಇದರಲ್ಲಿ ಅಗ್ನಿ, ವಾಯು, ಪೃಥ್ವಿ, ಇಂದ್ರ ಎಲ್ಲಾ ರಾಕ್ಷಸ ರೂಪದಲ್ಲಿ ಬರ್ತಾರ. ಕಡೇ ಯುದ್ಧ ಬ್ರಹ್ಮನ್ ಜೊತೆ. ನಾಯಕನೊಳಗಿನ ವರುಣನ ಹೆಸರು ಇಂಗ್ಲಿಷ್ ಆವೃತ್ತಿಯಲ್ಲಿ 'ವರ್ಣ' ಅಂತಾಗಿದೆ. ಬರೆಯೋವಾಗ ಕೈತಪ್ಪಿರಬೇಕು. ಆದರೂ ಮೈಯೊಳಗೆ ಹೊಕ್ಕು ಮಂದಿಯನ್ನು ತಿನ್ನಿಸೋ ರಾಕ್ಷಸನಿಗೆ ಆ ಹೆಸರು ಓದಿ ನಾನು ಗಟ್ಟಿಯಾಗಿ ನಕ್ಕೆ. 2024ರಲ್ಲಿ, ಮೊದಲು ಸುರಪುರ ತಾಲೂಕಿನಲ್ಲೇ ಇದ್ದ ಹುಣಸಗಿ ಭಾಗದ ಹಳ್ಳಿಯೊಂದರಲ್ಲಿ ದಲಿತರಿಗೆ ಅಂಗಡಿ ಸಾಮಾನು ಕೊಡಬಾರದು ಅಂತ ಬಹಿಷ್ಕಾರ ಹಾಕಿದರಲ್ಲ, ಆವತ್ತು ನಿಮಗ ಯಾವ ಅವಮಾನವೂ ಆಗಲಿಲ್ಲೇನು? ಜಪಾನಿನವರು ಬರೆದ ಚಿತ್ರಕ್ಕೆ ಮಾತ್ರ ಸಿಟ್ಟು ಬರ್ತದೇನು?

ಹಾಗಂತ ಗೇಮನ್ನ ತಲೆ ಮೇಲೆ ಹೊತ್ತು ಕುಣಿಯೋದಿಲ್ಲ. ನನ್ನ ತಕರಾರೂ ಅದಾವ. ಬುದ್ಧನ ಶಬ್ದ ನಿರ್ವಾಣ. ಅದನ್ನ ಬ್ರಹ್ಮನ್ ಜೊತೆ ಒಂದೇ ಗಡಿಗೆಯಲ್ಲಿ ಹಾಕಿ ಕುದಿಸಿದ್ದಾರೆ. ಶಹಾಪುರದಲ್ಲಿ ಬುದ್ಧ ಮಲಗಿದಂತೆ ಕಾಣುವ ಬೆಟ್ಟ ನೋಡುತ್ತ ಬೆಳೆದವರು ನಾವು. ಅಶೋಕನ ಶಿಲ್ಪ ಸಿಕ್ಕ ಸನ್ನತಿಯ ಕನಗನಹಳ್ಳಿ ನಮ್ಮ ಪಕ್ಕದಲ್ಲೇ, ಭೀಮಾ ದಂಡೆಯಲ್ಲಿದೆ. ನಿರ್ವಾಣ ಅಂದರೆ ಮೇಲೆ ಎಲ್ಲೋ ಇರುವ ಊರಲ್ಲ ಅಂತ ನಮಗೆ ಗೊತ್ತಿರಬೇಕು. ಇನ್ನು ಕಡೆಗೆ ಕಥೆ ಪುನರ್ಜನ್ಮದ ದಾರಿಗೇ ಬೀಳುತ್ತದೆ. ಕರ್ಮದ ಗುಡಿ ಕೆಡವಿದವರು ಅದರ ಅಡಿಗಲ್ಲು ಬಿಟ್ಟು ಬಂದಂಗಾಯ್ತು. ಇದನ್ನ ಹುಡುಗನಿಗೂ ಹೇಳಿದೆ. ಅವನು ಒಪ್ಪಲಿಲ್ಲ, ಜಗಳ ನಡದದ. ನಡೀಲಿ.

ಹಿರಿಯರೇ, ದಲಿತ ಸಂಘರ್ಷ ಸಮಿತಿಯ ದಿನಗಳಲ್ಲಿ ನೀವು ಹಾಡು, ಬೀದಿನಾಟಕ ಹಿಡಿದು ಹಳ್ಳಿ ಹಳ್ಳಿಗೆ ಹೋದಿರಿ. ಮಂದಿ ಎಲ್ಲಿ ಕುಂತಿದ್ದರೋ ಅಲ್ಲಿಗೆ ಹೋದಿರಿ. ಇವತ್ತು ನಮ್ಮ ಹುಡುಗರು ಪರದೆ ಮುಂದೆ ಕುಂತಾರ. ಅಲ್ಲಿ ಪುರಾಣದ ಸೀರಿಯಲ್ಲಿನವರು, ಜಾತಕ ಹೇಳೋರು ಮೊದಲೇ ಬಂದು ಜಾಗ ಹಿಡಿದಾರ. ನಾವು "ಚಟ" ಅಂತ ಮುಖ ತಿರುವಿದರೆ ಆ ಜಾಗ ಪೂರ್ತಿ ಅವರದೇ. ನಮ್ಮ ಹೋರಾಟದ ಕಥೆಯೂ ಬಹಳ ಸಲ ಮೊದಲ ಭಾಗಕ್ಕೇ ನಿಲ್ಲುತ್ತದೆ. ಹಳ್ಳಿಯ ಜಾತಿ ಬಗ್ಗೆ ಮಾತಾಡ್ತೀವಿ, ಹಳ್ಳಿ ಬಿಟ್ಟು ಶಹರ ಮುಟ್ಟಿದವನನ್ನ ಅಲ್ಲಿ ಯಾರು ತಿಂತಾರ ಅಂತ ಮಾತಾಡೋದು ಕಡಿಮೆ. ಎರಡನೇ ಭಾಗ ನಾವೇ ಬರೀಬೇಕು.

ಸದ್ಯಕ್ಕೆ ಮೂರು ಕೆಲಸ. ಗುಳೆ ಹೋಗುವವರು ಲೇಬರ್ ಕಾರ್ಡ್ ಮಾಡಿಸಿಕೊಳ್ರಿ. ಗುತ್ತಿಗೆದಾರನ ಹೆಸರು, ಫೋನ್ ನಂಬರ್, ಸೈಟಿನ ವಿಳಾಸ ಮನೆಯಲ್ಲಿ ಬರೆದಿಟ್ಟು ಹೋಗ್ರಿ. ಯಾರಾದರೂ "ಅವನ ಕರ್ಮ" ಅಂದರೆ ಹೆಣ ಎತ್ತುವ ಮೊದಲು ಪೊಲೀಸ್ ಠಾಣೆಗೆ ಹೋಗ್ರಿ, ನಮಗೂ ಫೋನ್ ಮಾಡ್ರಿ.

ಹಿರಿಯರು ಒಂದಿನ ರಾತ್ರಿ ಊಟಕ್ಕೆ ನಮ್ಮ ಮನಿಗೆ ಬರ್ರಿ. ಹುಡುಗ ಗೇಮ್ ಹಚ್ಚಿ ತೋರಸ್ತಾನ. ನೋಡಿದ ಮೇಲೂ ಬೈಯೋದಿದ್ದರೆ ಕುಂತು ಬೈಸ್ಕೋತೀನಿ.

ಜೈ ಭೀಮ್.