ಆಂಬುಲೆನ್ಸ್ ಹುಡುಗಿಗೆ ಹಾರ ಬೇಡವೇ?

ನಮ್ಮ ಸಂಘದ ಪ್ರತಿಭಾ ಪುರಸ್ಕಾರದ ಪಟ್ಟಿ ಈ ಸಲವೂ ಸಿದ್ಧವಾಗಿದೆ. ಎಂ.ಬಿ.ಬಿ.ಎಸ್. ಸೇರಿದವರಿಗೆ ಹಾರ, ಎಂಜಿನಿಯರಿಂಗ್ ಸೇರಿದವರಿಗೆ ಹಾರ, ಲೆಕ್ಕಪರಿಶೋಧಕರ ಪರೀಕ್ಷೆ ಮುಗಿಸಿದವರಿಗೂ ಹಾರ. ಒಳ್ಳೆಯದೇ. ನನ್ನ ಮಗಳ ಅರ್ಜಿ ಮಾತ್ರ ಹಿಂದಕ್ಕೆ ಬಂತು. ಆಕೆ ಸೇರಿರುವುದು ತುರ್ತು ಚಿಕಿತ್ಸೆಯ ಬಿ.ಎಸ್ಸಿ. ಪದವಿಗೆ, ಅಂದರೆ ಪ್ಯಾರಾಮೆಡಿಕ್ ಆಗುವ ಓದಿಗೆ. ಸಮಿತಿಯ ಹಿರಿಯರೊಬ್ಬರು ಸಮಾಧಾನ ಹೇಳುವ ಧಾಟಿಯಲ್ಲಿ, “ಆಂಬುಲೆನ್ಸ್‌ನಲ್ಲಿ ಕೂರೋದಕ್ಕೆ ಡಿಗ್ರಿ ಯಾಕ್ರೀ? ಇನ್ನೊಂದು ವರ್ಷ ಕೋಚಿಂಗ್ ಕೊಡಿಸಿ, ನೀಟ್ ಬರೀಲಿ” ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಆಡಿದ್ದು ನಮ್ಮೆಲ್ಲರ ಮನೆಯ ಮಾತು. ಆ ಮಾತಿನ ಮೇಲೆ ಮಾತ್ರ ನನಗೆ ಸಿಟ್ಟಿದೆ.

ಬೀದರ, ಕಲಬುರಗಿ ಕಡೆಯಿಂದ ಈ ಹೈದರಾಬಾದಿಗೆ ಬಂದು ನೆಲೆಸಿದ ನಮಗೆ ಒಂದು ಅನುಭವ ಸಾಮಾನ್ಯ. ಊರಿನಲ್ಲಿ ಯಾರಿಗಾದರೂ ಕಾಯಿಲೆ ಉಲ್ಬಣಿಸಿತೆಂದರೆ ರೋಗಿಯನ್ನು ಇಲ್ಲಿಗೆ ತರುತ್ತಾರೆ. ನಾವು ಆಸ್ಪತ್ರೆಯ ಬಾಗಿಲಲ್ಲಿ ಕಾದಿರುತ್ತೇವೆ. ಬೀದರದಿಂದ ಇಲ್ಲಿಗೆ ಸುಮಾರು 140 ಕಿಲೋಮೀಟರು, ಮೂರು ಗಂಟೆಯ ದಾರಿ. ಈಗ ಒಂದು ಚಿಕ್ಕ ಲೆಕ್ಕ ಹಾಕೋಣ. ಗಾಡಿಯಲ್ಲಿರುವ ಸಿಲಿಂಡರಿನಲ್ಲಿ 1,500 ಲೀಟರು ಆಮ್ಲಜನಕವಿದೆ. ಉಸಿರಾಟದ ತೊಂದರೆಯಿರುವ ರೋಗಿಗೆ ನಿಮಿಷಕ್ಕೆ 10 ಲೀಟರು ಕೊಡಬೇಕಾಗಿದೆ. ಅಲ್ಲಿಗೆ ತುಂಬಿದ ಸಿಲಿಂಡರು ಬರುವುದು 150 ನಿಮಿಷ. ಮುಳ್ಳು ಅರ್ಧದಲ್ಲಿದ್ದರೆ 75 ನಿಮಿಷ. ಅಂದರೆ ಸಂಗಾರೆಡ್ಡಿ ಮುಟ್ಟುವ ಮೊದಲೇ ಸಿಲಿಂಡರು ಬರಿದು! ಹೊರಡುವ ಮುನ್ನವೇ ಈ ಲೆಕ್ಕ ಹಾಕಿ, ಇನ್ನೊಂದು ಸಿಲಿಂಡರು ಹಾಕಿಸಿಕೊಳ್ಳದೆ ಗಾಡಿ ಹೊರಡಕೂಡದೆಂದು ಹಠ ಹಿಡಿಯುವವರು ಯಾರು? ಚಾಲಕನೇ? ಅಳುತ್ತಿರುವ ಮಗನೇ? ಆ ಒಬ್ಬ ಮನುಷ್ಯನಿಗಾಗಿಯೇ ಈ ಪದವಿ.

ಅದರಲ್ಲಿ ಲೆಕ್ಕವೇ ಸುಲಭದ ಭಾಗ. ಎದೆನೋವೆಂದು ಬಂದವನ ಇ.ಸಿ.ಜಿ. ಓದಿ, ಇದು ಹೃದಯಾಘಾತವೇ ಅಲ್ಲವೇ ಎಂದು ಓಡುವ ಗಾಡಿಯಲ್ಲೇ ತೀರ್ಮಾನಿಸಬೇಕು. ಹೃದಯದ ರಕ್ತನಾಳ ತೆರೆಯುವ ಸೌಲಭ್ಯವಿಲ್ಲದ ಹತ್ತಿರದ ಆಸ್ಪತ್ರೆಗೆ ಹೋಗಬೇಕೋ, ಸೌಲಭ್ಯವಿರುವ ದೂರದ ಆಸ್ಪತ್ರೆಗೆ ಹೋಗಬೇಕೋ ಎಂಬುದು ಆ ತೀರ್ಮಾನದ ಮೇಲೆ ನಿಂತಿದೆ. ಹೃದಯ ನಿಂತುಹೋದರೆ, ಎದೆ ಒತ್ತುವವರಿಲ್ಲದೆ ಕಳೆದ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಹೊಲಕ್ಕೆ ಹೊಡೆಯುವ ಕೀಟನಾಶಕ ಕುಡಿದವನಿಗೆ ಅಟ್ರೋಪಿನ್ ಎಷ್ಟು ಕೊಡಬೇಕು, ಎಲ್ಲಿ ನಿಲ್ಲಿಸಬೇಕು. ದಾರಿಯಲ್ಲೇ ಹೆರಿಗೆಯಾಗಿ ರಕ್ತ ನಿಲ್ಲದಿದ್ದರೆ ಏನು ಮಾಡಬೇಕು. ಬೆನ್ನುಮೂಳೆ ಮುರಿದವನನ್ನು ನಜ್ಜುಗುಜ್ಜಾದ ಕಾರಿನಿಂದ ಹೇಗೆ ಎತ್ತಬೇಕು? ಇವನ್ನೆಲ್ಲ ಕಲಿಯಲು ಶರೀರಶಾಸ್ತ್ರ ಬೇಕು, ಔಷಧಶಾಸ್ತ್ರ ಬೇಕು, ಆಸ್ಪತ್ರೆಯಲ್ಲೂ ಗಾಡಿಯಲ್ಲೂ ಕಳೆದ ನೂರಾರು ಗಂಟೆಗಳು ಬೇಕು. ನಾನೂ ಒಬ್ಬ ಬಿ.ಎಸ್ಸಿ. ಮೂರು ವರ್ಷ ಓದಿದ ರಸಾಯನಶಾಸ್ತ್ರವನ್ನು ಇಪ್ಪತ್ತು ವರ್ಷಗಳ ಕಡತಗಳ ನಡುವೆ ನಾನು ಒಂದು ದಿನವೂ ಬಳಸಿಲ್ಲ. ಮಗಳ ಬಿ.ಎಸ್ಸಿ. ಆ ಜಾತಿಯದಲ್ಲ.

ಈ ವೃತ್ತಿ ಹುಟ್ಟಿದ ಕಥೆಯನ್ನು ನಮ್ಮ ಹಿರಿಯರು ಕೇಳಬೇಕು. ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಒಂದು ಕಾಲಕ್ಕೆ ರೋಗಿಗಳನ್ನು ಪೊಲೀಸ್ ವ್ಯಾನಿನಲ್ಲಿ ಸಾಗಿಸುತ್ತಿದ್ದರು. ಪೀಟರ್ ಸಾಫರ್ ಎಂಬ ಅರಿವಳಿಕೆ ತಜ್ಞರು ಅಲ್ಲಿದ್ದರು. ಬಾಯಿಯಿಂದ ಉಸಿರು ಕೊಟ್ಟು ಜೀವ ಉಳಿಸುವ ವಿಧಾನವನ್ನು ರೂಢಿಗೆ ತಂದವರಲ್ಲಿ ಅವರೂ ಒಬ್ಬರು. 1966ರಲ್ಲಿ ತಮ್ಮ ಮಗಳನ್ನೇ ಅವರು ಆಸ್ತಮಾದಿಂದ ಕಳೆದುಕೊಂಡರು. ಮಾರನೆಯ ವರ್ಷ, 1967ರಲ್ಲಿ, ಅದೇ ಊರಿನ ಬಡ ಕರಿಯರ ಕೇರಿಯಲ್ಲಿ ‘ಫ್ರೀಡಂ ಹೌಸ್’ ಎಂಬ ಆಂಬುಲೆನ್ಸ್ ಸೇವೆ ಆರಂಭವಾಯಿತು. ಕೆಲಸವಿಲ್ಲದೆ ಕುಳಿತಿದ್ದ ಯುವಕರಿಗೆ ಸಾಫರ್ ಸುಮಾರು 300 ಗಂಟೆಗಳ ಪಾಠ ರೂಪಿಸಿದರು. ಮುಂದೆ ನ್ಯಾನ್ಸಿ ಕ್ಯಾರೊಲಿನ್ ಎಂಬ ವೈದ್ಯೆ ಅವರನ್ನು ಇನ್ನಷ್ಟು ಪಳಗಿಸಿ, ಆ ಅನುಭವದಿಂದಲೇ ಇಡೀ ದೇಶದ ಪ್ಯಾರಾಮೆಡಿಕ್‌ಗಳು ಓದುವ ಪಠ್ಯ ಬರೆದರು. ‘ಓದಿಗೆ ಬಾರದವರು’ ಎಂದು ಊರು ತಳ್ಳಿಹಾಕಿದ್ದ ಹುಡುಗರು ದೇಶಕ್ಕೆ ಪಾಠವಾದರು! ಆದರೆ 1975ರಲ್ಲಿ ನಗರಾಡಳಿತ ಸೇವೆಯನ್ನು ತಾನೇ ವಹಿಸಿಕೊಂಡಾಗ ಅವರಲ್ಲಿ ಹಲವರು ಮೂಲೆಗುಂಪಾದರು. ಕೈಯಲ್ಲಿ ವಿದ್ಯೆಯಿತ್ತು, ಪದವಿಯ ಕಾಗದವಿರಲಿಲ್ಲ. ಪದವಿ ಯಾಕೆ ಎಂಬ ಪ್ರಶ್ನೆಗೆ ಇದೂ ಒಂದು ಉತ್ತರ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಪ್ಯಾರಾಮೆಡಿಕ್ ಶಿಕ್ಷಣದ ಕನಿಷ್ಠ ಮಟ್ಟವೇ ಆನರ್ಸ್ ಪದವಿ. ಆಸ್ಟ್ರೇಲಿಯದಲ್ಲಿ 2018ರ ಡಿಸೆಂಬರಿನಿಂದ, ವೈದ್ಯರು ದಾದಿಯರಂತೆ ಇವರದೂ ರಾಷ್ಟ್ರೀಯ ನೋಂದಣಿ.

ಅದು ಪರದೇಶದ ಮಾತಾಯಿತು ಎನ್ನಬೇಡಿ. 108 ಆಂಬುಲೆನ್ಸ್ ಸೇವೆ ಹುಟ್ಟಿದ್ದು ಇದೇ ಹೈದರಾಬಾದಿನಲ್ಲಿ, 2005ರ ಆಗಸ್ಟ್ 15ರಂದು. 2007ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನೆರವಿನಿಂದ ಎರಡು ವರ್ಷಗಳ ಪ್ಯಾರಾಮೆಡಿಕ್ ಶಿಕ್ಷಣ ತೊಡಗಿದ್ದೂ ಇಲ್ಲಿಯೇ. ನಮ್ಮ ಕರ್ನಾಟಕಕ್ಕೆ ‘ಆರೋಗ್ಯ ಕವಚ’ವೆಂಬ ಹೆಸರಿನಲ್ಲಿ ಅದು ಬಂದದ್ದು 2008ರ ನವೆಂಬರ್ 1ರಂದು. ಪ್ರತಿ ವರ್ಷ ಅದೇ ದಿನ ನಾವು ಧ್ವಜ ಹಾರಿಸಿ, ಭಾಷಣ ಕೇಳಿ, ಕೇಸರಿಬಾತು ತಿಂದು ಮನೆಗೆ ಹೋಗುತ್ತೇವೆ.

ಇನ್ನು ಕಾನೂನು. ನಮ್ಮ ಸಂಸತ್ತು 2021ರಲ್ಲಿ ಸಂಬದ್ಧ ಆರೋಗ್ಯ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗವೊಂದನ್ನು ರಚಿಸುವ ಕಾಯಿದೆ ಮಾಡಿದೆ. ಅದರ ಪಟ್ಟಿಯಲ್ಲಿ ಪ್ಯಾರಾಮೆಡಿಕ್ ಹೆಸರು ಇದೆ. ಆರೋಗ್ಯ ವೃತ್ತಿಪರನೆನಿಸಿಕೊಳ್ಳಲು ಕನಿಷ್ಠ 3,600 ಗಂಟೆಗಳ ಪದವಿ ಬೇಕೆಂದು ಕಾಯಿದೆ ವಿಧಿಸುತ್ತದೆ. ಸಂಸತ್ತು ಒಪ್ಪಿದ ವೃತ್ತಿಯನ್ನು ನಮ್ಮ ಸಂಘ ಒಪ್ಪಬಾರದೇ?

ವಿರೋಧಿಗಳ ಒಂದು ಮಾತನ್ನು ಮಾತ್ರ ನಾನು ಅಲ್ಲಗಳೆಯಲಾರೆ. ಓದು ದೊಡ್ಡದು, ಕೆಲಸ ಚಿಕ್ಕದು ಎನ್ನುತ್ತಾರೆ. ನಿಜ. ಸರ್ಕಾರಗಳು ಆಂಬುಲೆನ್ಸ್ ಸೇವೆಯನ್ನು ಗುತ್ತಿಗೆಗೆ ಕೊಟ್ಟು ಕೈತೊಳೆದುಕೊಂಡಿವೆ. ಗುತ್ತಿಗೆ ಬದಲಾದಾಗ ನೌಕರನ ಗತಿ ಅಧೋಗತಿ. ಒಂದು ಕಡೆ ಪದವಿ ಕೇಳುವ ಕಾಯಿದೆ, ಇನ್ನೊಂದು ಕಡೆ ಕೆಲವೇ ವಾರಗಳ ತರಬೇತಿ ಪಡೆದವರನ್ನು ಅಗ್ಗದಲ್ಲಿ ದುಡಿಸಿಕೊಳ್ಳುವ ಟೆಂಡರು. ಇವೆರಡನ್ನೂ ಒಂದೇ ಸರ್ಕಾರ ಹೇಗೆ ಹೊರಡಿಸುತ್ತದೋ! ಟೆಂಡರು ಎಂದರೇನೆಂದು ಇಪ್ಪತ್ತು ವರ್ಷ ಕಡತ ತಿರುವಿದ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಇದಕ್ಕೆ ಬೈಯಬೇಕಾದದ್ದು ಸರ್ಕಾರವನ್ನೋ, ಓದಲು ಹೊರಟ ಮಗುವನ್ನೋ?

ಬೈಸಿಕೊಳ್ಳಬೇಕಾದವರು ಇನ್ನೂ ಇದ್ದಾರೆ. ‘ಪ್ಯಾರಾಮೆಡಿಕಲ್’ ಎಂಬ ಹಲಗೆ ತೂಗಿಹಾಕಿ, ಎರಡು ಕೋಣೆಯಲ್ಲಿ ಕಾಲೇಜು ನಡೆಸುವವರು. ಮಗಳಿಗೆ ಸೀಟು ಹುಡುಕುವಾಗ ಅಂಥದೊಂದು ಕಡೆ ನಾನು ಹೋಗಿದ್ದೆ. ಮಕ್ಕಳು ಯಾವ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಕೆಲಸ ಕಲಿಯುತ್ತಾರೆ ಎಂದು ಕೇಳಿದೆ. ಮೇಜಿನ ಹಿಂದಿದ್ದಾತ ಶುಲ್ಕದ ಪಟ್ಟಿ ತೋರಿಸಿದ. ಗಾಡಿಯಲ್ಲಿ ಎಷ್ಟು ಗಂಟೆ ಓಡಾಡಿಸುತ್ತೀರಿ ಎಂದೆ. ನೂರಕ್ಕೆ ನೂರು ಉದ್ಯೋಗ ಎಂದ. ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು ಎಂದಾಗ ಮಾತ್ರ, ಸಾರ್ ಟೀ ಕುಡೀತೀರಾ ಎಂದು ಕೇಳಿದ. ಈ ಮೂರು ಪ್ರಶ್ನೆಗಳನ್ನು ಕೇಳದೆ ದಯವಿಟ್ಟು ಯಾರೂ ಹಣ ಕಟ್ಟಬೇಡಿ.

ಹುಡುಗಿ ರಾತ್ರಿ ಪಾಳಿ ಮಾಡುವುದು ಹೇಗೆ ಎಂದು ನಮ್ಮ ಮನೆಯಲ್ಲೇ ಅತ್ತಿಗೆ ಕೇಳಿದರು. ಕಂಪ್ಯೂಟರ್ ಕಂಪನಿಯಲ್ಲಿ ಅವರ ಸೊಸೆ ಮಾಡುವ ಹಾಗೆಯೇ ಎಂದೆ. ಮುಂದೆ ಮಾತು ಬೆಳೆಯಲಿಲ್ಲ.

ಪುರಸ್ಕಾರದ ಅರ್ಜಿ ನಮೂನೆಯ ನಾಲ್ಕನೆಯ ಅಂಕಣದಲ್ಲಿ ‘ವೈದ್ಯಕೀಯ, ಎಂಜಿನಿಯರಿಂಗ್’ ಎಂದಿರುವಲ್ಲಿ ‘ಸಂಬದ್ಧ ಆರೋಗ್ಯ ವೃತ್ತಿಗಳು’ ಎಂದು ಸೇರಿಸಬೇಕೆಂದು ಕಾರ್ಯಕಾರಿ ಸಮಿತಿಗೆ ಬರಹದಲ್ಲಿ ಕೊಟ್ಟಿದ್ದೇನೆ. ನಿಯಮ ಬದಲಾದರೂ ಈ ವರ್ಷದ ಬಹುಮಾನ ನನ್ನ ಮಗಳಿಗೆ ಬೇಡ. ಮುಂದೆ ಬರುವ ಮಕ್ಕಳಿಗೆ ಅನ್ವಯಿಸಿದರೆ ಸಾಕು. ಪತ್ರದ ಒಂದು ಪ್ರತಿಯನ್ನು ಸಂಪಾದಕರಿಗೂ ಕಳುಹಿಸಿದ್ದೇನೆ.