ಉಂಡು ಮಲಗಿದರೂ ಮುಗಿಯದ ಜಗಳ

2024ರ ಜೂನ್ ತಿಂಗಳು. ಎನ್‌ಬಿಎ ಫೈನಲ್ಸ್ ನಡೆಯುತ್ತಿತ್ತು. ಅಮೆರಿಕದಲ್ಲಿ ರಾತ್ರಿ ಎಂಟು, ಎಂಟೂವರೆಗೆ ಶುರುವಾಗುವ ಪಂದ್ಯ ನಮಗೆ ಬೆಳಗಿನ ಜಾವದ ಪಂದ್ಯ. ಅಲಾರಂ ಇಟ್ಟುಕೊಂಡು ಎದ್ದು, ಒಂದೇ ಲ್ಯಾಪ್‌ಟಾಪ್ ಮುಂದೆ ಐದಾರು ಜನ ಹೊದಿಕೆ ಹೊದ್ದು ಕೂರುತ್ತಿದ್ದೆವು. ಡಲ್ಲಾಸ್ ಮಾವೆರಿಕ್ಸ್ ಮತ್ತು ಬಾಸ್ಟನ್ ಸೆಲ್ಟಿಕ್ಸ್ ನಡುವಿನ ಹಣಾಹಣಿ. ಕ್ಯಾಮೆರಾ ಒಮ್ಮೆ ಅಂಗಳದ ಗೆರೆಯಾಚೆ ಕೈಕಟ್ಟಿ ನಿಂತಿದ್ದ ಡಲ್ಲಾಸ್ ಕೋಚ್ ಜೇಸನ್ ಕಿಡ್ ಕಡೆ ತಿರುಗಿತು.

‘ಎಂಥಾ ಪ್ಲೇಯರ್ ಗೊತ್ತಾ ಈತ?’ ಎಂದ ಒಬ್ಬ. ಮೊಬೈಲ್ ನೋಡುತ್ತಿದ್ದ ಇನ್ನೊಬ್ಬ, ‘ಹೆಂಡತಿಗೆ ಹೊಡೆದು ಕೇಸಾಗಿತ್ತಂತೆ ಕಣೋ’ ಎಂದ. ಒಂದು ಕ್ಷಣ ಎಲ್ಲರೂ ಸುಮ್ಮನಾದೆವು. ಮೂರನೆಯವನು ಮಾತು ಮುಗಿಸಿಬಿಟ್ಟ: ‘ಬಿಡ್ರೋ, ಅದು ಅವರ ಮನೆ ವಿಷಯ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಟೀಮ್ ಫೈನಲ್‌ಗೆ ಬಂತೋ ಇಲ್ವೋ?’

ಎಲ್ಲರೂ ನಕ್ಕೆವು. ನಾನೂ ನಕ್ಕೆ. ಪಂದ್ಯ ಮುಂದುವರಿಯಿತು. ಆ ಸರಣಿಯನ್ನು ಡಲ್ಲಾಸ್ 4-1ರಿಂದ ಸೋತಿತು. ಆದರೆ ನಾವು ನಕ್ಕ ಆ ನಗು ಮಾತ್ರ ನನ್ನನ್ನು ಬಿಡಲಿಲ್ಲ. ನಿವೃತ್ತ ಆಟಗಾರನೊಬ್ಬ ಕೋಚ್ ಆಗಲು ಹೊರಟಾಗ ಅವನ ಸಂಸಾರದ ವಿಷಯ ಕೇಳಬೇಕೇ, ಬೇಡವೇ? ಕೇಳುವುದಾದರೆ ಎಷ್ಟರಮಟ್ಟಿಗೆ?

ಕಿಡ್ ಸಾಮಾನ್ಯ ಆಟಗಾರರಲ್ಲ. 19 ಸೀಸನ್ ಆಡಿದವರು. 2000 ಮತ್ತು 2008ರ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅಮೆರಿಕ ತಂಡದಲ್ಲಿದ್ದವರು. 2011ರಲ್ಲಿ ಇದೇ ಡಲ್ಲಾಸ್ ತಂಡದ ಜೊತೆ ಚಾಂಪಿಯನ್ ಆದವರು. ನಿವೃತ್ತಿಯಾದಾಗ ಅಸಿಸ್ಟ್‌ಗಳ ಲೆಕ್ಕದಲ್ಲಿ ಎನ್‌ಬಿಎ ಇತಿಹಾಸದಲ್ಲೇ ಜಾನ್ ಸ್ಟಾಕ್ಟನ್ ನಂತರ ಇವರದೇ ಹೆಸರು. ಇನ್ನೊಬ್ಬನ ಕೈಗೆ ಚೆಂಡು ತಲುಪಿಸಿ ಅವನಿಂದ ಅಂಕ ಗಳಿಸುವಂತೆ ಮಾಡುವುದೇ ಅಸಿಸ್ಟ್. ಅದರಲ್ಲಿ ಇಷ್ಟು ಪಳಗಿದವರು ಒಳ್ಳೆಯ ಕೋಚ್ ಆಗಬಹುದು ಎಂದು ಯಾರಿಗಾದರೂ ಅನ್ನಿಸುವುದು ಸಹಜ.

ಹಾಗೇ ಆಯಿತು. 2013ರ ಜೂನ್ ಆರಂಭದಲ್ಲಿ ಅವರು ನಿವೃತ್ತಿ ಘೋಷಿಸಿದರು. ಹತ್ತು ದಿನ ಕಳೆಯುವುದರೊಳಗೆ ಬ್ರೂಕ್ಲಿನ್ ನೆಟ್ಸ್ ಅವರನ್ನು ಮುಖ್ಯ ಕೋಚ್ ಮಾಡಿತು. ಒಂದು ದಿನವೂ ಕೋಚ್ ಆಗಿ ಕೆಲಸ ಮಾಡಿದ ಅನುಭವ ಅವರಿಗಿರಲಿಲ್ಲ. ಆಮೇಲೆ ಮಿಲ್ವಾಕೀ ಬಕ್ಸ್. 2018ರ ಜನವರಿಯಲ್ಲಿ ಅಲ್ಲಿಂದ ವಜಾ. ನಂತರ ಲಾಸ್ ಏಂಜಲೀಸ್ ಲೇಕರ್ಸ್‌ನಲ್ಲಿ ಸಹಾಯಕ ಕೋಚ್ ಆಗಿ 2020ರ ಪ್ರಶಸ್ತಿಯಲ್ಲಿ ಪಾಲು. 2021ರಲ್ಲಿ ಡಲ್ಲಾಸ್‌ನ ಮುಖ್ಯ ಕೋಚ್. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯುತ್ತಲೇ ಹೋಯಿತು.

ಈಗ ಆ ಇನ್ನೊಂದು ವಿಷಯಕ್ಕೆ ಬರೋಣ. 2001ರ ಜನವರಿಯಲ್ಲಿ, ಫೀನಿಕ್ಸ್ ಸನ್ಸ್ ಪರ ಆಡುತ್ತಿದ್ದಾಗ, ಅಂದಿನ ಪತ್ನಿಯ ಮೇಲೆ ಕೈ ಮಾಡಿದ ಆರೋಪದಲ್ಲಿ ಕಿಡ್ ಬಂಧನವಾಯಿತು. ಅವರು ತಪ್ಪೊಪ್ಪಿಕೊಂಡರು. ಕೋಪ ಹತೋಟಿಯ ಸಮಾಲೋಚನೆಗೆ ಹೋಗಬೇಕಾಯಿತು. ಆಮೇಲೂ ಕೆಲವು ವರ್ಷ ಆ ಸಂಸಾರ ನಡೆಯಿತು. 2007ರಲ್ಲಿ ವಿಚ್ಛೇದನದ ಅರ್ಜಿ ನ್ಯಾಯಾಲಯಕ್ಕೆ ಬಂದಾಗ ಇಬ್ಬರೂ ಒಬ್ಬರ ಮೇಲೊಬ್ಬರು ಆರೋಪ ಹೊರಿಸಿದರು. ಆ ಆರೋಪಗಳ ಪಂಚಾಯಿತಿ ಮಾಡುವ ಅಧಿಕಾರ ನಮಗಿಲ್ಲ. ಆದರೆ 2001ರ ಪ್ರಕರಣ ಗಾಳಿಸುದ್ದಿಯಲ್ಲ. ಅವರೇ ಒಪ್ಪಿಕೊಂಡದ್ದು.

ಇಲ್ಲಿ ಒಂದು ಗೆರೆ ಎಳೆಯಬೇಕು. ಸಂಸಾರದ ಸುದ್ದಿ ಎಂದರೆ ಎಲ್ಲವೂ ಒಂದೇ ಅಲ್ಲ. ಅದಕ್ಕೆ ಇನ್ನೊಬ್ಬ ಆಟಗಾರನ ಕತೆ ನೋಡಬೇಕು.

ಡೆರೆಕ್ ಫಿಶರ್ ಲೇಕರ್ಸ್ ಜೊತೆ ಐದು ಸಲ ಚಾಂಪಿಯನ್ ಆದವರು. ಆಟಗಾರರ ಸಂಘದ ಅಧ್ಯಕ್ಷರೂ ಆಗಿದ್ದರು. 2014ರಲ್ಲಿ ಆಟ ನಿಲ್ಲಿಸಿದ ಬೇಸಿಗೆಯಲ್ಲೇ ನ್ಯೂಯಾರ್ಕ್ ನಿಕ್ಸ್ ಅವರನ್ನು ಕೋಚ್ ಮಾಡಿತು. ಮೊದಲ ಸೀಸನ್‌ನಲ್ಲಿ 17 ಗೆಲುವು, 65 ಸೋಲು. ಅದೇ ಹೊತ್ತಿಗೆ ಅವರ ಖಾಸಗಿ ಬದುಕೂ ಬೀದಿಗೆ ಬಂತು. ಹಿಂದೆ ತಮ್ಮ ಜೊತೆ ಲೇಕರ್ಸ್‌ನಲ್ಲಿ ಆಡಿದ್ದ ಮ್ಯಾಟ್ ಬಾರ್ನ್ಸ್‌ನಿಂದ ದೂರವಾಗಿದ್ದ ಪತ್ನಿಯ ಜೊತೆ ಫಿಶರ್‌ಗೆ ಒಡನಾಟ ಬೆಳೆದಿತ್ತು. 2015ರ ಅಕ್ಟೋಬರ್‌ನಲ್ಲಿ ಇಬ್ಬರೂ ಗಂಡಸರು ಲಾಸ್ ಏಂಜಲೀಸ್‌ನಲ್ಲಿ ಕೈಕೈ ಮಿಲಾಯಿಸಿದರು. ಬಾರ್ನ್ಸ್‌ಗೆ ಎರಡು ಪಂದ್ಯ ನಿಷೇಧವಾಯಿತು. ಟಿವಿ, ಪತ್ರಿಕೆಗಳಿಗೆ ಹಬ್ಬವೋ ಹಬ್ಬ. 2016ರ ಫೆಬ್ರುವರಿಯಲ್ಲಿ ನಿಕ್ಸ್ ಫಿಶರ್ ಅವರನ್ನು ತೆಗೆದುಹಾಕಿತು. ಮುಂದೆ 2021ರಲ್ಲಿ ಅವರು ಅದೇ ಮಹಿಳೆಯನ್ನು ಮದುವೆಯಾದರು.

ಈ ಕತೆಯಲ್ಲಿ ತಂಡದವರು ಕೇಳಬಹುದಾದದ್ದು ಏನು? ನನ್ನ ಪ್ರಕಾರ ಒಂದೇ ಪ್ರಶ್ನೆ: ಆ ಗಲಾಟೆಯ ದೆಸೆಯಿಂದ ಫಿಶರ್ ನಿಕ್ಸ್‌ನ ಅಭ್ಯಾಸಕ್ಕೆ ಗೈರಾದದ್ದು ಏಕೆ? ಕೋಚ್ ಅಭ್ಯಾಸ ತಪ್ಪಿಸಿದರೆ ಅದು ತಂಡದ ವಿಷಯ. ಆದರೆ ಯಾರನ್ನು ಪ್ರೀತಿಸಿದರು, ಯಾರಿಂದ ದೂರವಾದರು, ಯಾರನ್ನು ಮದುವೆಯಾದರು ಎಂಬುದು ವಯಸ್ಸಿಗೆ ಬಂದವರ ಸ್ವಂತ ಲೆಕ್ಕ. ನಮಗೆ ಸರಿ ಕಾಣದಿರಬಹುದು. ಹಳೆಯ ಗೆಳೆಯನಿಗೆ ಹೀಗೆ ಮಾಡಬಾರದಿತ್ತು ಎಂದು ಮನೆಯಲ್ಲಿ ಕೂತು ಮಾತಾಡಬಹುದು. ಅಷ್ಟಕ್ಕೇ ಒಬ್ಬರ ಕೆಲಸ ಕಸಿಯುವುದು ತಪ್ಪು. ವಿಚ್ಛೇದನ ಅಪರಾಧವಲ್ಲ. ಎರಡನೇ ಮದುವೆ ಅನರ್ಹತೆಯಲ್ಲ. ಅಷ್ಟೇಕೆ, 50 ವರ್ಷ ಒಂದೇ ಸೂರಿನಡಿ ಬಾಳಿದ್ದೂ ಕೋಚ್ ಕೆಲಸಕ್ಕೆ ಅರ್ಹತೆಯಾಗಲಾರದು.

ಹೊಡೆತ ಹಾಗಲ್ಲ. ಅದು ಸಂಸಾರದ ಸುದ್ದಿಯಲ್ಲ, ಅಪರಾಧ. ಅದು ಮನೆಯೊಳಗೆ ನಡೆಯಿತು ಎಂಬ ಕಾರಣಕ್ಕೆ ಖಾಸಗಿಯಾಗುವುದಿಲ್ಲ. ನಮ್ಮ ಗಾದೆಯೂ ‘ಜಗಳ’ದ ಬಗ್ಗೆ ಮಾತಾಡುತ್ತದೆ. ಜಗಳವೆಂದರೆ ಇಬ್ಬರೂ ಬಾಯಿ ಮಾಡಬಲ್ಲ, ಇಬ್ಬರೂ ಸೋಲಬಲ್ಲ, ಇಬ್ಬರೂ ಬೆಳಿಗ್ಗೆ ಮರೆಯಬಲ್ಲ ಸಂಗತಿ. ಒಬ್ಬರು ಹೊಡೆದು ಇನ್ನೊಬ್ಬರು ಹೊಡೆಸಿಕೊಂಡರೆ ಅದಕ್ಕೆ ಜಗಳ ಎಂಬ ಹೆಸರಿಡುವುದೇ ಮೋಸ. ಹೊಡೆಸಿಕೊಂಡವರು ಉಂಡರೋ ಮಲಗಿದರೋ ಎಂದು ಗಾದೆ ಹೇಳಿದವರು ಹೋಗಿ ನೋಡಿ ಬಂದಿಲ್ಲ.

‘ಸರಿ, ಅಪರಾಧವೇ. ಆದರೆ ಬ್ಯಾಸ್ಕೆಟ್‌ಬಾಲ್ ಕಲಿಸುವುದಕ್ಕೂ ಅದಕ್ಕೂ ಏನು ಸಂಬಂಧ?’ ಎಂದು ನನ್ನ ಗೆಳೆಯ ಕೇಳಬಹುದು. ಸಂಬಂಧವಿದೆ. ಕೋಚ್ ಕೆಲಸ ಎಂದರೆ ಹಲಗೆಯ ಮೇಲೆ ಬಾಣದ ಗುರುತು ಹಾಕಿ ಆಟ ವಿವರಿಸುವುದಷ್ಟೇ ಅಲ್ಲ. ಯಾರು ಅಂಗಳಕ್ಕಿಳಿಯಬೇಕು, ಯಾರು ಬೆಂಚ್ ಕಾಯಬೇಕು, ಯಾರ ಬದುಕು ಯಾವ ದಿಕ್ಕಿಗೆ ತಿರುಗಬೇಕು ಎಂಬುದು ಅವರ ಕೈಯಲ್ಲಿರುತ್ತದೆ. ಎದುರು ನಿಂತವರು 19, 20ರ ಹುಡುಗರು. ಎದುರು ಮಾತಾಡಲು ಹೆದರುವವರು. ಸೋಲುತ್ತಿರುವಾಗ, ಸಾವಿರಾರು ಜನ ಕೂಗುತ್ತಿರುವಾಗ, ತನ್ನ ಕೈಕೆಳಗಿನವರ ಮೇಲೆ ಸಿಟ್ಟು ಉಕ್ಕಿ ಬಂದಾಗ ಆ ಮನುಷ್ಯ ಏನು ಮಾಡುತ್ತಾನೆ? ಕೋಚ್ ಹುದ್ದೆಯ ಸಂದರ್ಶನದಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆ ಇದೆಯೇ? ಆ ಪ್ರಶ್ನೆಗೆ ಮನೆಯಲ್ಲೇ ಒಮ್ಮೆ ಕೆಟ್ಟ ಉತ್ತರ ಸಿಕ್ಕಿದ್ದರೆ, ಈಗಿನ ಉತ್ತರ ಏನು ಎಂದು ಕೇಳುವುದು ಚಾಡಿಯಲ್ಲ, ಜವಾಬ್ದಾರಿ.

ಆದರೆ ಕೇಳುವುದಕ್ಕೂ ಒಂದು ರೀತಿಯಿದೆ. 2002ರ ಪ್ಲೇಆಫ್‌ನಲ್ಲಿ ಕಿಡ್ ಆಗಿನ ನ್ಯೂಜೆರ್ಸಿ ನೆಟ್ಸ್ ಪರ ಬಾಸ್ಟನ್‌ನಲ್ಲಿ ಆಡುತ್ತಿದ್ದಾಗ, ಗ್ಯಾಲರಿಯ ಜನ ‘ಹೆಂಡತಿಗೆ ಹೊಡೆಯುವವನೇ’ ಎಂದು ಒಕ್ಕೊರಲಿನಿಂದ ಕೂಗಿದರು. ಆ ಪತ್ನಿ ಅದೇ ಗ್ಯಾಲರಿಯಲ್ಲಿ ಪುಟ್ಟ ಮಗನ ಜೊತೆ ಕೂತಿದ್ದರು. ಕೂಗಿದವರಿಗೆ ಅವರ ನೋವಿನ ಬಗ್ಗೆ ಕಾಳಜಿಯಿತ್ತೇ? ಎದುರಾಳಿಯ ಏಕಾಗ್ರತೆ ಕೆಡಿಸಲು ಆಕೆಯ ಪೆಟ್ಟನ್ನೇ ಆಯುಧ ಮಾಡಿಕೊಂಡರು, ಅಷ್ಟೆ. ಅದೇ ಆಟಗಾರ ತಮ್ಮ ಊರಿನ ಅಂಗಿ ತೊಟ್ಟಿದ್ದರೆ ಅದೇ ಜನ ಚಪ್ಪಾಳೆ ತಟ್ಟುತ್ತಿದ್ದರು ಎಂದು ನನಗೆ ಅನುಮಾನ. ಅಲ್ಲಿ ಕೂಗಿದವರೂ, ಇಲ್ಲಿ ಕೋಣೆಯಲ್ಲಿ ನಕ್ಕ ನಾವೂ ಬೇರೆ ಬೇರೆಯಲ್ಲ. ಅವರು ಆಕೆಯನ್ನು ಬಳಸಿಕೊಂಡರು, ನಾವು ಮರೆತೆವು. ಇಬ್ಬರಿಗೂ ಬೇಕಾಗಿದ್ದದ್ದು ಗೆಲುವು ಮಾತ್ರ.

ಹಾಗಾದರೆ ಒಮ್ಮೆ ತಪ್ಪಿದವರಿಗೆ ಜೀವನಪೂರ್ತಿ ಬಾಗಿಲು ಮುಚ್ಚಬೇಕೇ? ನಾನು ಹಾಗೆ ಹೇಳುತ್ತಿಲ್ಲ. ಮನುಷ್ಯ ಬದಲಾಗುತ್ತಾನೆ ಎಂದು ನಂಬದವರು ಕೋಚಿಂಗನ್ನೇ ನಂಬಬಾರದು. ತಪ್ಪನ್ನು ತಿದ್ದಿ ಮತ್ತೆ ಆಡಿಸುವುದೇ ಆ ಕೆಲಸ. ತಪ್ಪೊಪ್ಪಿಕೊಂಡದ್ದು, ಸಮಾಲೋಚನೆಗೆ ಹೋದದ್ದು ಕಿಡ್ ಪರವಾಗಿ ಹೇಳಬೇಕಾದ ಮಾತುಗಳೇ. ನನ್ನ ತಕರಾರು ಎರಡನೇ ಅವಕಾಶದ ಬಗ್ಗೆ ಅಲ್ಲ. ಅದನ್ನು ಯಾವ ಪ್ರಶ್ನೆಯೂ ಇಲ್ಲದೆ, ಗೆಲುವಿನ ಆಸೆಗೆ, ಚಿಲ್ಲರೆ ಕೊಟ್ಟಂತೆ ಕೊಡುವುದರ ಬಗ್ಗೆ.

ಡಲ್ಲಾಸ್ ತಂಡಕ್ಕಂತೂ ಆ ಪ್ರಶ್ನೆಯ ಬಿಸಿ ಚೆನ್ನಾಗಿಯೇ ಗೊತ್ತಿತ್ತು. 2018ರಲ್ಲಿ ಆ ತಂಡದ ಕಚೇರಿಯಲ್ಲಿ ಮಹಿಳಾ ಸಿಬ್ಬಂದಿಗೆ ಆಗುತ್ತಿದ್ದ ಕಿರುಕುಳ ಬಯಲಾಗಿ ತನಿಖೆ ನಡೆದಿತ್ತು. ಅಂದಿನ ಮಾಲೀಕ ಮಾರ್ಕ್ ಕ್ಯೂಬನ್ ಮಹಿಳೆಯರ ಪರ ಕೆಲಸ ಮಾಡುವ ಸಂಸ್ಥೆಗಳಿಗೆ 1 ಕೋಟಿ ಡಾಲರ್ ಕೊಡಲು ಒಪ್ಪಿದ್ದರು. ಮೂರೇ ವರ್ಷದ ಬಳಿಕ ಅದೇ ತಂಡ ಕಿಡ್ ಅವರನ್ನು ನೇಮಿಸಿತು. ನೇಮಿಸಬಾರದಿತ್ತು ಎಂದಲ್ಲ. ಆದರೆ ಅಂಥ ತಂಡ ತಾನಾಗಿಯೇ ಮುಂದೆ ಬಂದು, ‘ನಾವು ಇದನ್ನು ಕೇಳಿದೆವು, ಇವರು ಹೀಗೆ ಉತ್ತರಿಸಿದರು, ಆದ್ದರಿಂದ ನಂಬಿದೆವು’ ಎಂದು ಅಭಿಮಾನಿಗಳಿಗೆ ಬಿಡಿಸಿ ಹೇಳಬೇಕು. ಅಷ್ಟು ಹೇಳಿದರೆ ಅದನ್ನು ನಿಜವಾದ ಎರಡನೇ ಅವಕಾಶ ಎನ್ನಬಹುದು.

ಲೀಗ್‌ನ ಲೆಕ್ಕಾಚಾರವೂ ವಿಚಿತ್ರ. 2013ರ ನವೆಂಬರ್‌ನಲ್ಲಿ, ತಂಡಕ್ಕೆ ಟೈಮ್‌ಔಟ್ ಉಳಿದಿಲ್ಲದಿದ್ದಾಗ ಆಟ ನಿಲ್ಲಿಸಲು ಬೇಕೆಂದೇ ಅಂಗಳದ ಮೇಲೆ ತಂಪು ಪಾನೀಯ ಚೆಲ್ಲಿದ್ದಕ್ಕೆ ಕಿಡ್‌ಗೆ 50 ಸಾವಿರ ಡಾಲರ್ ದಂಡ ಬಿತ್ತು. ಚೆಲ್ಲಿದ ಪಾನೀಯಕ್ಕೆ ಕೆಲವೇ ದಿನಗಳಲ್ಲಿ ತೀರ್ಪು ಸಿಕ್ಕಿತು. ಕೌಟುಂಬಿಕ ಹಿಂಸೆಯ ಬಗ್ಗೆ ಲೀಗ್ ಮತ್ತು ಆಟಗಾರರ ಸಂಘ ಸೇರಿ ಪ್ರತ್ಯೇಕ ನೀತಿ ತರಲು 2017 ಬರಬೇಕಾಯಿತು.

ಇನ್ನೊಂದು ಮಾತು. ಅವಕಾಶದ ಮಾತು ಬಂದಾಗ, ಮೊದಲನೇ ಅವಕಾಶವೇ ಸಿಗದವರನ್ನೂ ನೆನೆಯಬೇಕು. ಬೆಕಿ ಹ್ಯಾಮನ್ ಡಬ್ಲ್ಯುಎನ್‌ಬಿಎಯಲ್ಲಿ ಹೆಸರು ಮಾಡಿದ ಆಟಗಾರ್ತಿ. 2014ರಲ್ಲಿ ಸ್ಯಾನ್ ಆಂಟೋನಿಯೊ ಸ್ಪರ್ಸ್‌ನಲ್ಲಿ ಪೂರ್ಣಾವಧಿಯ ಸಹಾಯಕ ಕೋಚ್ ಆದರು. 2020ರ ಡಿಸೆಂಬರ್ 30ರಂದು ಮುಖ್ಯ ಕೋಚ್ ಗ್ರೆಗ್ ಪೊಪೊವಿಚ್ ಅಂಗಳದಿಂದ ಹೊರಹೋಗಬೇಕಾದಾಗ ಎನ್‌ಬಿಎ ತಂಡವೊಂದನ್ನು ಪಂದ್ಯದಲ್ಲಿ ಮುನ್ನಡೆಸಿದ ಮೊದಲ ಮಹಿಳೆಯಾದರು. ಅಷ್ಟು ವರ್ಷ ಕಲಿತರೂ 30 ತಂಡಗಳಲ್ಲಿ ಒಂದೂ ಆಕೆಗೆ ಮುಖ್ಯ ಕೋಚ್ ಹುದ್ದೆ ಕೊಡಲಿಲ್ಲ. ಆಕೆ ಡಬ್ಲ್ಯುಎನ್‌ಬಿಎಗೆ ಮರಳಿ ಲಾಸ್ ವೇಗಸ್ ಏಸಸ್‌ನ ಕೋಚ್ ಆಗಿ 2022ರಲ್ಲಿ, ಮೊದಲ ಸೀಸನ್‌ನಲ್ಲೇ, ಪ್ರಶಸ್ತಿ ಗೆದ್ದರು. ಮರುವರ್ಷ ಮತ್ತೆ ಗೆದ್ದರು. ಅನುಭವವೇ ಇಲ್ಲದ ಗಂಡಸಿಗೆ ಹತ್ತು ದಿನದೊಳಗೆ ಸಿಕ್ಕ ಕುರ್ಚಿ, ಎಂಟು ವರ್ಷ ಕಲಿತ ಹೆಂಗಸಿಗೆ ಸಿಗಲಿಲ್ಲ. ಯಾರ ತಪ್ಪು ಬೇಗ ಮರೆಯುತ್ತದೆ, ಯಾರ ಅರ್ಹತೆ ಬೇಗ ಮರೆಯುತ್ತದೆ ಎಂಬುದನ್ನು ಒಟ್ಟಿಗೆ ಇಟ್ಟು ನೋಡಿದರೆ ಚಿತ್ರ ಪೂರ್ತಿಯಾಗುತ್ತದೆ.

ಎನ್‌ಬಿಎ ಯಾರನ್ನು ನೇಮಿಸಬೇಕೆಂದು ನಮ್ಮನ್ನು ಯಾರೂ ಕೇಳುವುದಿಲ್ಲ, ನಿಜ. ಆದರೆ ಯಾವುದಕ್ಕೆ ನಗಬೇಕು ಎಂಬುದು ನಮ್ಮ ಕೈಯಲ್ಲೇ ಇದೆ. ಆಟಗಾರನ ಪ್ರೇಮ, ಮದುವೆ, ವಿಚ್ಛೇದನವನ್ನು ನಾವು ರಸವತ್ತಾಗಿ ಓದುತ್ತೇವೆ, ಹಂಚುತ್ತೇವೆ, ತೀರ್ಪು ಕೊಡುತ್ತೇವೆ. ಹೊಡೆತದ ಸುದ್ದಿ ಬಂದಾಗ ಮಾತ್ರ ದಿಢೀರನೆ ಸಭ್ಯರಾಗಿ ‘ಅದು ಅವರ ಮನೆ ವಿಷಯ’ ಎನ್ನುತ್ತೇವೆ. ಇದು ತಲೆಕೆಳಗಾಗಬೇಕು. ಮೊದಲನೆಯದಕ್ಕೆ ಬಾಯಿ ಮುಚ್ಚಿಕೊಂಡು, ಎರಡನೆಯದಕ್ಕೆ ಬಾಯಿ ಬಿಡುವುದನ್ನು ಕಲಿಯಬೇಕು.

ಮುಂದಿನ ಫೈನಲ್ಸ್‌ಗೂ ನಾವು ಅಲಾರಂ ಇಟ್ಟೇ ಇಡುತ್ತೇವೆ. ಕಿಡ್ ತಂಡ ಚೆನ್ನಾಗಿ ಆಡಿದರೆ ನಾನೂ ಚಪ್ಪಾಳೆ ತಟ್ಟುತ್ತೇನೆ. ಆದರೆ ಯಾರಾದರೂ ಮತ್ತೆ ಆ ಗಾದೆ ಹೇಳಿದರೆ, ಈ ಸಲ ನಾನು ನಗುವುದಿಲ್ಲ.