ನಾಡಿ ಸಿಗದಿದ್ದರೂ ಬದುಕಿರುವವರು

ಕುಸಿದು ಬಿದ್ದವರ ಬಳಿ ಬಂದ ಆಂಬುಲೆನ್ಸ್ ಸಿಬ್ಬಂದಿ ಮೊದಲು ನೋಡುವುದು ಪ್ರಜ್ಞೆ, ಉಸಿರು, ನಾಡಿ. ಪ್ರಜ್ಞೆಯಿಲ್ಲ, ಕುತ್ತಿಗೆಯಲ್ಲಿ ನಾಡಿಯೂ ಸಿಗಲಿಲ್ಲವೆಂದರೆ ಹೃದಯ ನಿಂತಿದೆ ಎಂದೇ ಲೆಕ್ಕ, ತಡಮಾಡದೆ ಎದೆ ಒತ್ತಬೇಕು. ಲೆಕ್ಕವಿಲ್ಲದಷ್ಟು ಜೀವಗಳನ್ನು ಉಳಿಸಿರುವ ಈ ಪಾಠ ‘ಎಲ್‌ವ್ಯಾಡ್’ ಎಂಬ ಪಂಪ್ ಕೂರಿಸಿಕೊಂಡವರ ವಿಷಯದಲ್ಲಿ ಮಾತ್ರ ಕೈಕೊಡುತ್ತದೆ. ಸೋತ ಹೃದಯದ ಎಡ ಹೃತ್ಕುಕ್ಷಿಗೆ ಜೋಡಿಸಿದ ಈ ಪಂಪ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತ ರಕ್ತವನ್ನು ಮಹಾಪಧಮನಿಗೆ ಎಡೆಬಿಡದೆ ದೂಡುತ್ತಿರುತ್ತದೆ. ಹರಿವಿನಲ್ಲಿ ಏರಿಳಿತ ಅಷ್ಟಾಗಿ ಇಲ್ಲದ್ದರಿಂದ ಅನೇಕರಲ್ಲಿ ನಾಡಿ ಬೆರಳಿಗೆ ಸಿಗುವುದಿಲ್ಲ. ತೋಳಿಗೆ ಕಟ್ಟುವ ಬಿ.ಪಿ. ಯಂತ್ರ ‘ಎರರ್’ ತೋರಿಸುತ್ತದೆ, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನ ಅಂಕಿಯನ್ನು ನಂಬುವಂತಿಲ್ಲ. ಆ ಮನುಷ್ಯ ಮಾತ್ರ ಎದ್ದು ಕೂತು ಕಾಫಿ ಕುಡಿಯುತ್ತಿರಬಹುದು.

ಇಂಥವರಿಗೂ ಸಕ್ಕರೆ ಕಡಿಮೆಯಾಗಿ ಪ್ರಜ್ಞೆ ತಪ್ಪಬಹುದು. ರಕ್ತ ಹೆಪ್ಪುಗಟ್ಟದಂತೆ ನಿತ್ಯ ಔಷಧ ತೆಗೆದುಕೊಳ್ಳುವುದರಿಂದ ಮಿದುಳಿನಲ್ಲೋ ಕರುಳಿನಲ್ಲೋ ರಕ್ತಸ್ರಾವವಾಗಬಹುದು. ಆಗ ನಾಡಿಯೊಂದನ್ನೇ ನಂಬಿದವರು, ಪಂಪ್ ಸರಿಯಾಗಿ ಓಡುತ್ತಿದ್ದರೂ, ನಿಂತಿಲ್ಲದ ಹೃದಯಕ್ಕಾಗಿ ಎದೆ ಒತ್ತುತ್ತ ಕೂರುತ್ತಾರೆ. ಇದಕ್ಕೆ ತದ್ವಿರುದ್ಧವಾದ ತಪ್ಪು ಇನ್ನೂ ಕೆಟ್ಟದ್ದು. ಪಂಪ್ ನಿಜವಾಗಿಯೂ ನಿಂತಿರುತ್ತದೆ. ಎದೆ ಒತ್ತಿದರೆ ಕೊಳವೆ ಕಿತ್ತುಬಂದೀತು ಎಂದು ಎಲ್ಲೋ ಕೇಳಿದ ಎಚ್ಚರಿಕೆ ನೆನಪಾಗಿ ಕೈ ಹಿಂದೆಗೆಯುತ್ತದೆ. ಆ ಭಯ ಆಧಾರವಿಲ್ಲದ್ದೇನಲ್ಲ, ತಯಾರಕರೇ ಹಿಂದೆ ಹಾಗೆ ಎಚ್ಚರಿಸಿದ್ದರು. ಆದರೆ 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಎದೆ ಒತ್ತಿಸಿಕೊಂಡ ಎಂಟು ಎಲ್‌ವ್ಯಾಡ್ ರೋಗಿಗಳಲ್ಲಿ ಒಬ್ಬರಿಗೂ ಪಂಪ್ ಕದಲಿರಲಿಲ್ಲ. ಎಂಟು ಚಿಕ್ಕ ಸಂಖ್ಯೆ, ಒಪ್ಪೋಣ. ಆದರೂ ರಕ್ತಸಂಚಾರವೇ ನಿಂತವರಿಗೆ ಒತ್ತದಿದ್ದರೆ ಸಾವು ಖಚಿತವಾದ್ದರಿಂದ ಅಷ್ಟು ಪುರಾವೆಗೂ ತೂಕವಿದೆ.

ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2017ರಲ್ಲಿ ಕೊಟ್ಟ ಮಾರ್ಗದರ್ಶನ ಇದೇ ದಾರಿಯದು. ನಾಡಿ ಬಿಟ್ಟು ಮೈಯ ಬಣ್ಣ ನೋಡಿ, ಉಗುರು ಒತ್ತಿ ಬಿಟ್ಟಾಗ ಕೆಂಪು ಎಷ್ಟು ಬೇಗ ಮರಳುತ್ತದೆಂದು ನೋಡಿ, ಎದೆಯ ಎಡಭಾಗಕ್ಕೆ ಸ್ಟೆತಸ್ಕೋಪ್ ಇಟ್ಟು ಪಂಪಿನ ಗುಂಯ್‌ಗುಡುವ ಸದ್ದು ಕೇಳಿ. ಸದ್ದಿಲ್ಲದಿದ್ದರೆ ಹೊಟ್ಟೆಯಿಂದ ಹೊರಬಂದ ತಂತಿ ಕಂಟ್ರೋಲರಿಗೆ ಸರಿಯಾಗಿ ಕೂತಿದೆಯೇ, ಬ್ಯಾಟರಿಗಳಲ್ಲಿ ಚಾರ್ಜ್ ಇದೆಯೇ ನೋಡಿ. ರಕ್ತಸಂಚಾರ ಸಾಲದೆಂದು ಖಚಿತವಾದರೆ ಎದೆ ಒತ್ತಿ. ರಕ್ತದ ಹರಿವನ್ನು ಪತ್ತೆಹಚ್ಚುವ ಡಾಪ್ಲರ್ ಉಪಕರಣ ಇರುವಲ್ಲಿ ಸರಾಸರಿ ರಕ್ತದೊತ್ತಡ 50ಕ್ಕಿಂತ ಕೆಳಗಿರುವುದು ಅದಕ್ಕೊಂದು ಗುರುತು. ಡಾಪ್ಲರ್ ಬಿಟ್ಟರೆ ಇದ್ಯಾವುದಕ್ಕೂ ದುಬಾರಿ ಸಲಕರಣೆ ಬೇಕಿಲ್ಲ. ಪ್ರತಿ ಆಂಬುಲೆನ್ಸಿಗೂ ಡಾಪ್ಲರ್ ಕೊಡಿ ಎಂದು ನಾನು ಕೇಳುವುದೂ ಇಲ್ಲ.

ಕೇಳುವುದು ಬೇರೊಂದು: ಮನೆಯವರ ಮಾತಿಗೆ ಬೆಲೆ. ಪಂಪ್ ಕೂರಿಸಿ ಮನೆಗೆ ಕಳಿಸುವ ಮುನ್ನ ಆಸ್ಪತ್ರೆ ಹೆಂಡತಿಗೋ ಮಗನಿಗೋ ಬ್ಯಾಟರಿ ಬದಲಿಸುವುದು, ಅಲಾರಂ ಗುರುತಿಸುವುದು, ಬದಲಿ ಕಂಟ್ರೋಲರ್ ಜೋಡಿಸುವುದು ಎಲ್ಲವನ್ನೂ ಕಲಿಸಿರುತ್ತದೆ. ಎರಡೂ ವಿದ್ಯುತ್ ತಂತಿಗಳನ್ನು ಒಟ್ಟಿಗೆ ಬಿಚ್ಚಬಾರದೆಂಬುದು ಅವರಿಗೆ ಬಾಯಿಪಾಠ. ‘ನೀವು ಹಿಂದೆ ಗಾಡಿಯಲ್ಲಿ ಬನ್ನಿ’ ಎಂದು ಅವರನ್ನು ಬಿಟ್ಟುಹೊರಟರೆ, ಯಂತ್ರ ಗೊತ್ತಿರುವ ಒಬ್ಬರೇ ಒಬ್ಬರು ರಸ್ತೆಯಲ್ಲಿ ಉಳಿದಂತೆ. ಅವರೂ, ಬದಲಿ ಬ್ಯಾಟರಿ-ಕಂಟ್ರೋಲರ್ ಇರುವ ಚೀಲವೂ ರೋಗಿಯ ಜತೆಗೇ ಬರಬೇಕು. ಗಾಬರಿಯಲ್ಲಿರುವ ಮನೆಯವರ ಕೈಗೆ ಚಿಕಿತ್ಸೆ ಒಪ್ಪಿಸುವುದೇ ಎಂದು ಕೇಳುವವರಿದ್ದಾರೆ. ಚಿಕಿತ್ಸೆಯ ನಿರ್ಧಾರ ಸಿಬ್ಬಂದಿಯದ್ದೇ. ಮನೆಯವರದು ಯಂತ್ರದ ತಿಳಿವಳಿಕೆ. ಸಂಶಯ ಬಂದರೆ ಪಂಪ್ ಕೂರಿಸಿದ ಆಸ್ಪತ್ರೆಗೆ ಫೋನ್ ಮಾಡಿ ಕೇಳಬಹುದು.

ನಮ್ಮಲ್ಲಿ ಇಂಥವರು ಎಷ್ಟು ಮಂದಿ, 108ರ ಎಲ್ಲ ಸಿಬ್ಬಂದಿಗೂ ಈ ತರಬೇತಿ ಏಕೆ ಎಂಬ ಆಕ್ಷೇಪವೇ ಎಲ್ಲಕ್ಕಿಂತ ಗಟ್ಟಿಯಾದದ್ದು. ಆಂಬುಲೆನ್ಸ್ ಹೊತ್ತಿಗೆ ಬರುವುದೇ ಕಷ್ಟವಾಗಿರುವ ಊರುಗಳಿರುವಾಗ ಇದು ಶ್ರೀಮಂತರ ಚಿಂತೆಯಂತೆ ಕಾಣುವುದು ಸಹಜ. ಪಂಪಿನ ಬೆಲೆ ನೋಡಿದರೆ ಹಾಗನ್ನಿಸಲೂಬೇಕು. ಆದರೆ ಸಂಖ್ಯೆ ಕಡಿಮೆ ಇರುವುದೇ ಕೆಲಸವನ್ನು ಹಗುರಾಗಿಸುತ್ತದೆ. ಬೆಂಗಳೂರಿನಲ್ಲಿ ಈ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗಳಿಗೆ ತಮ್ಮ ಪ್ರತಿ ರೋಗಿಯ ಊರು, ಫೋನ್ ಎಲ್ಲ ಗೊತ್ತು. ರೋಗಿಯ ಒಪ್ಪಿಗೆ ಪಡೆದು ಅದನ್ನು 108ರ ಕಂಟ್ರೋಲ್ ರೂಮಿಗೆ ಕೊಟ್ಟರೆ, ಆ ನಂಬರಿನಿಂದ ಕರೆ ಬಂದೊಡನೆ ಪರದೆಯ ಮೇಲೆ ಸೂಚನೆ ಮೂಡುವಂತೆ ಮಾಡಬಹುದು. ರೋಗಿ ಇರುವ ತಾಲ್ಲೂಕಿನ ಸಿಬ್ಬಂದಿಗಷ್ಟೇ ಅರ್ಧ ದಿನದ ತರಬೇತಿ ಸಾಕು. ಅಮೆರಿಕದಲ್ಲಿ ಕಂಟ್ರೋಲರಿಗೆ ಬಣ್ಣದ ಪಟ್ಟಿ ಕಟ್ಟಿ, ಕೈಪಿಡಿಯಲ್ಲಿ ಅದೇ ಬಣ್ಣದ ಪುಟದಲ್ಲಿ ಆ ಪಂಪಿನ ವಿವರ ಮುದ್ರಿಸುವ ಪದ್ಧತಿಯಿದೆ. ಅದನ್ನು ಕನ್ನಡದಲ್ಲಿ ಅಚ್ಚು ಹಾಕಿಸಲು ದೊಡ್ಡ ಬಜೆಟ್ ಬೇಡ.

ಅಲ್ಲಿನ ಸಲಹೆಗಳೆಲ್ಲ ಇಲ್ಲಿಗೆ ಒಗ್ಗುವುದಿಲ್ಲ. ರೋಗಿಯನ್ನು ಆದಷ್ಟೂ ಪಂಪ್ ಕೂರಿಸಿದ ಕೇಂದ್ರಕ್ಕೇ ಒಯ್ಯಿರಿ ಎನ್ನುತ್ತಾರೆ. ಬಳ್ಳಾರಿಯಿಂದ ಬೆಂಗಳೂರಿಗೆ ಮುನ್ನೂರು ಕಿಲೋಮೀಟರ್. ಹಾಗಾಗಿ ಜಿಲ್ಲಾಸ್ಪತ್ರೆಯ ತುರ್ತು ವಿಭಾಗಕ್ಕೂ ಅದೇ ಕೈಪಿಡಿ ಮುಟ್ಟಬೇಕು. ಹಾರ್ಟ್‌ಮೇಟ್-3 ಪಂಪ್ ಪಡೆದವರಲ್ಲಿ ಶೇ 58ರಷ್ಟು ಮಂದಿ ಐದು ವರ್ಷ ಬದುಕಿದ್ದನ್ನು ಮೊಮೆಂಟಮ್-3 ಅಧ್ಯಯನ ತೋರಿಸಿದೆ. ಇಷ್ಟು ವರ್ಷ ಆಸ್ಪತ್ರೆಯ ಪಕ್ಕದಲ್ಲೇ ಬಾಡಿಗೆಮನೆ ಮಾಡಿಕೊಂಡಿರಿ ಎನ್ನಲಾಗದು. 108ಕ್ಕೆ ಕೊಡುವ ರೋಗಿಗಳ ವಿವರದ ಇನ್ನೊಂದು ಪ್ರತಿ ವಿದ್ಯುತ್ ಪೂರೈಸುವ ಎಸ್ಕಾಂಗಳಿಗೂ ಹೋಗಬೇಕು. ಬ್ಯಾಟರಿ ಜೋಡಿಯೊಂದು ಹಲವು ಗಂಟೆ ನಡೆದೀತು, ಮತ್ತೆ ಚಾರ್ಜ್ ಮಾಡಲು ಕರೆಂಟ್ ಬೇಕೇಬೇಕು. ನಿರ್ವಹಣೆಗೆಂದು ದಿನವಿಡೀ ಲೈನ್ ತೆಗೆಯುವ ಮುನ್ನ ಆ ಮನೆಗೊಂದು ಫೋನ್ ಹೋದರೆ, ಎಷ್ಟೋ ಸಲ ಆಂಬುಲೆನ್ಸ್ ಕರೆಯುವ ಪ್ರಮೇಯವೇ ಬರುವುದಿಲ್ಲ.